ಅತ್ತೆ ಏನಂದರು?

ಆ ಕಂಪನಿಯಲ್ಲಿ ಒಂದು ಪದ್ಧತಿ ಇತ್ತು. ಹೊಸ ಸಾಮಾನು ಯಾವುದೇ ಇರಲಿ, ಅಂಗಡಿಗೆ ಹೋಗುವ ಮೊದಲು ಅದರ ಮೇಲೊಂದು ಮೀಟಿಂಗ್ ನಡೆಯುತ್ತಿತ್ತು. ಬಣ್ಣ ಯಾವುದಿರಬೇಕು, ಡಬ್ಬಿ ಹೇಗಿರಬೇಕು, ಜಾಹೀರಾತಿನಲ್ಲಿ ಏನು ಬೊಗಳೆ ಬಿಡಬೇಕು ಎಂದು ಎಲ್ಲರೂ ತಲೆ ಕೆಡಿಸಿಕೊಂಡು, ಕಾಫಿ ಮೇಲೆ ಕಾಫಿ ಕುಡಿದು, ಒಬ್ಬರ ಮೇಲೊಬ್ಬರು ಹರಿಹಾಯ್ದು ಸುಸ್ತಾದ ಮೇಲೆ, ಮೇಜಿನ ತುದಿಯಲ್ಲಿ ಕೂತ ಯಜಮಾನರು ಪರೀಕ್ಷಾ ವಿಭಾಗದ ಮುಖ್ಯಸ್ಥೆಯ ಕಡೆ ತಿರುಗಿ ಕೇಳುತ್ತಿದ್ದರು: "ಅತ್ತೆ ಏನಂದ್ರು?"

ಅತ್ತೆ ಎಂದರೆ ಮುಖ್ಯಸ್ಥೆಯ ಸ್ವಂತ ಅತ್ತೆ, ಗಂಡನ ತಾಯಿ. ಆಕೆ ಕಂಪನಿಯ ಗೇಟು ದಾಟಿದವರಲ್ಲ. ಆದರೂ ಅವರು ಮೂಗು ಮುರಿದ ಸಾಮಾನು ಅಂಗಡಿಯ ಮುಖ ನೋಡುತ್ತಿರಲಿಲ್ಲ.

ಇದಕ್ಕೆಲ್ಲ ಮೂಲ ಒಂದು ರೇಡಿಯೋ. ಕಂಪನಿ ತಗಡಿನ ಶೆಡ್ಡಿನಲ್ಲಿದ್ದ ಕಾಲದಲ್ಲಿ ಯಜಮಾನರು ತಮ್ಮ ಮೊಟ್ಟಮೊದಲ ರೇಡಿಯೋವನ್ನು ಹೆಮ್ಮೆಯಿಂದ ತಾಯಿಯ ಮುಂದಿಟ್ಟರಂತೆ. ಮರದ ಪೆಟ್ಟಿಗೆ, ಎದುರಿಗೆ ಒಂದೇ ಅಳತೆಯ ಎರಡು ಗುಂಡಿ. ತಾಯಿ ಸ್ಟೇಷನ್ ಬದಲಿಸಲು ಹೋಗಿ ಸದ್ದಿನ ಗುಂಡಿ ತಿರುಗಿಸಿದರು. ರೇಡಿಯೋ ಬೀದಿಗೆಲ್ಲ ಕೇಳುವಂತೆ ಅರಚಿತು, ತಾಯಿ ಎದೆ ಹಿಡಿದುಕೊಂಡು ಕೂತರು. ಅದಲ್ಲಮ್ಮ, ಇದು ಎಂದು ಹೇಳಲು ಬಾಯಿ ತೆರೆದ ಯಜಮಾನರು ತಟ್ಟನೆ ಬಾಯಿ ಮುಚ್ಚಿಕೊಂಡರು. ತಪ್ಪಿದ್ದು ಅಮ್ಮ ಅಲ್ಲ, ಪೆಟ್ಟಿಗೆ ಎಂದು ಅವರಿಗೆ ಹೊಳೆದಿತ್ತು. ಮುಂದಿನ ರೇಡಿಯೋದಲ್ಲಿ ಒಂದು ಗುಂಡಿ ದೊಡ್ಡದಾಯಿತು, ಇನ್ನೊಂದು ಚಿಕ್ಕದಾಯಿತು. ಕಣ್ಣು ಮುಚ್ಚಿಕೊಂಡು ತಿರುಗಿಸಬಹುದಾದ ಆ ರೇಡಿಯೋ ಶೆಡ್ಡನ್ನು ಕಾರ್ಖಾನೆ ಮಾಡಿತು. ಅಂದಿನಿಂದ ಅದೇ ನಿಯಮ: ಮನೆಯ ಹಿರಿಯರ ಕೈಗೆ ಸಾಮಾನು ಕೊಡು, ಬಾಯಿಗೆ ಬೀಗ ಹಾಕಿಕೊಂಡು ದೂರ ನಿಲ್ಲು. ಅವರು ಎಡವಿದರೆ ಸಾಮಾನನ್ನು ತಿದ್ದು, ಅವರನ್ನು ತಿದ್ದಲು ಹೋಗಬೇಡ.

ಯಜಮಾನರ ತಾಯಿ ತೀರಿಕೊಂಡಾಗ ಪದ್ಧತಿಯೂ ನಿಂತುಹೋಗುವುದರಲ್ಲಿತ್ತು. ಮುಖಸ್ತುತಿ ಮಾಡದ ಹಿರಿಯರು ಯಾರ ಮನೆಯಲ್ಲಿದ್ದಾರೆ ಎಂದು ಅವರು ಮೀಟಿಂಗಿನಲ್ಲಿ ಕೇಳಿದರು. ಎಲ್ಲರೂ ತಲೆ ತಗ್ಗಿಸಿ ಮೇಜು ನೋಡತೊಡಗಿದರು. ಪರೀಕ್ಷಾ ವಿಭಾಗಕ್ಕೆ ಆಗಷ್ಟೇ ಸೇರಿದ್ದ, ಆಗಷ್ಟೇ ಮದುವೆಯೂ ಆಗಿದ್ದ ಎಂಜಿನಿಯರ್ ಹುಡುಗಿ ಮಾತ್ರ ಕೈ ಎತ್ತಿ, ಹಾಗಿದ್ದರೆ ನಮ್ಮತ್ತೆ ಇದ್ದಾರೆ ಎಂದಳು. ಕೋಣೆಯೆಲ್ಲ ಗೊಳ್ಳೆಂದಿತು. ಅವಳು ಮಾತ್ರ ನಗಲಿಲ್ಲ. ಮದುವೆಯಾಗಿ ಬಂದ ಮೇಲೆ ಅವಳು ಮಾಡಿದ ಒಂದು ಲೋಟ ಕಾಫಿಗೂ ಅತ್ತೆ ಪೂರಾ ಅಂಕ ಕೊಟ್ಟಿರಲಿಲ್ಲ.

ಹೀಗೆ ಕಂಪನಿಯ ಚರಿತ್ರೆಯೆಲ್ಲ ಅತ್ತೆಯ ಅಡುಗೆಮನೆಯ ಮೇಜಿನ ಮೇಲೆ ನಡೆದುಹೋಯಿತು. ಟೇಪ್ ರೆಕಾರ್ಡರ್ ಬಂದಾಗ ಅತ್ತೆ ಹಾಡು ಕೇಳಲು ಹೋಗಿ ಪಕ್ಕದ ಗುಂಡಿ ಒತ್ತಿಬಿಟ್ಟರು. ಹಾಡೆಲ್ಲ ಅಳಿಸಿಹೋಗಿ ಅದರ ಜಾಗದಲ್ಲಿ ಅವರು ಹಾಲಿನವನ ಜೊತೆ ನೀರಿನ ಬಗ್ಗೆ ಆಡಿದ ಜಗಳ ಅಚ್ಚುಕಟ್ಟಾಗಿ ಮುದ್ರಣವಾಯಿತು. ಆ ಟೇಪನ್ನು ಮೀಟಿಂಗಿನಲ್ಲಿ ಹಾಕಿದಾಗ ಯಜಮಾನರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಎರಡು ಬೆರಳು ಸೇರಿಸಿ ಒತ್ತಿದರೆ ಮಾತ್ರ ಮುದ್ರಣವಾಗುವ ಕೆಂಪು ಗುಂಡಿ ಮಾಡಿಸಿದರು. ತಂತಿಯಿಲ್ಲದ ಫೋನ್ ಬಂದಾಗ ಅತ್ತೆ ಅದನ್ನು ಮಾತಾಡುತ್ತ ಮಾತಾಡುತ್ತ ಎಲ್ಲೆಲ್ಲೋ ಇಟ್ಟು, ಕೊನೆಗೆ ಈರುಳ್ಳಿ ಬುಟ್ಟಿಯಲ್ಲಿ ಕಂಡುಕೊಂಡರು. ಕಳೆದುಹೋದ ಫೋನನ್ನು ಕೂಗಿ ಕರೆಯುವ ಗುಂಡಿ ಅದರ ಪೀಠಕ್ಕೆ ಬಂದದ್ದು ಹಾಗೆ. ಆಮೇಲೆ ಸೋಪಿನ ಬಿಲ್ಲೆಯಷ್ಟು ಚಿಕ್ಕದಾದ ಹಾಡುಪೆಟ್ಟಿಗೆ ಬಂತು. ಅತ್ತೆ ಅದನ್ನು ಅಂಗೈಯಲ್ಲಿ ಹೊರಳಿಸಿ, ಇದರ ತಲೆ ಯಾವುದು ಬಾಲ ಯಾವುದು ಎಂದರು. ತಲೆಯ ಕಡೆ ಬೆರಳಿಗೆ ತಗಲುವ ಒಂದು ಚುಕ್ಕೆ ಬಂತು.

ಸಾಮಾನು ಚಿಕ್ಕದಾಗುತ್ತ ಹೋದ ಹಾಗೆ ಕಂಪನಿಯ ಕಟ್ಟಡ ದೊಡ್ಡದಾಗುತ್ತ ಹೋಯಿತು. ಗುಂಡಿಗಳೂ ಒಂದೊಂದಾಗಿ ಉದುರಿದವು. ಮೊಬೈಲು ಬಂದಾಗ ಅಂಕಿಗಳಿಗಾದರೂ ಗುಂಡಿ ಇತ್ತು, ಬೆರಳು ಸವರುವ ಫೋನ್ ಬಂದಾಗ ಅದೂ ಹೋಯಿತು. ಆ ಗಾಜು ಅತ್ತೆಯ ಒಣಗಿದ ಬೆರಳಿಗೆ ಮೊದಮೊದಲು ಕ್ಯಾರೇ ಅನ್ನಲಿಲ್ಲ. ನಾನಿನ್ನೂ ಸತ್ತಿಲ್ಲ ಅಂತ ನಿಮ್ಮ ಫೋನಿಗೆ ಹೇಳು ಎಂದರು ಅತ್ತೆ. ಹಿರಿಯರ ಬೆರಳನ್ನೂ ಗುರುತಿಸುವ ಗಾಜು ಮಾಡಲು ಕಂಪನಿ ಹೆಣಗಾಡಿತು, ಮಾಡಿಯೂ ಮಾಡಿತು. ಬೇರೆ ಕಂಪನಿಯ ಫೋನ್ ಕೈಗೆ ಬಗ್ಗದ ಮುದುಕರೆಲ್ಲ ಇವರ ಅಂಗಡಿಗೆ ಬಂದರು.

ಅಷ್ಟು ಹೊತ್ತಿಗೆ ಯಜಮಾನರು ಹೋಗಿ ಅವರ ಮಗಳು ಮೇಜಿನ ತುದಿಗೆ ಬಂದಿದ್ದಳು. ಕೈ ಎತ್ತಿದ ಹುಡುಗಿ ತಲೆ ನರೆತ ಮುಖ್ಯಸ್ಥೆಯಾಗಿದ್ದಳು. ಪ್ರಶ್ನೆ ಮಾತ್ರ ಅದೇ ಇತ್ತು. ಮನೆಯಲ್ಲಿ ಅತ್ತೆಯೂ ಸೊಸೆಯೂ ದಿನಕ್ಕೊಂದು ಸಲವಾದರೂ ಜಗಳವಾಡುತ್ತಿದ್ದರು. ಗೂಡ್ಸ್ ರೈಲಿನ ಗಾರ್ಡಾಗಿದ್ದ ಅತ್ತೆಯ ಮಗ ವಾರದಲ್ಲಿ ಅರ್ಧಕ್ಕರ್ಧ ದಿನಗಳು ಹೊರಗೇ ಇರುತ್ತಿದ್ದ. ಬಂದ ದಿನ ಇಬ್ಬರ ಗಲಾಟೆ ಕೇಳಿ, ಸದ್ಯ ಮನೆಯಲ್ಲಿ ಎಲ್ಲ ಸರಿಯಾಗಿದೆ ಎಂದುಕೊಂಡು ಮಲಗುತ್ತಿದ್ದ.

ಹೀಗಿರುವಾಗ ಬಂತು ನೋಡಿ, ಆ ಹೊಸ ಫೋನು. ಮುಂದೆ ಹಿಂದೆ ಎಲ್ಲೂ ಒಂದು ಗುಂಡಿ ಇಲ್ಲ, ಪೂರಾ ಗಾಜು. ಕಂಪನಿ ಎರಡು ವರ್ಷ ತನ್ನ ಸರ್ವಸ್ವವನ್ನೂ ಅದಕ್ಕೆ ಸುರಿದಿತ್ತು. ಸೊಸೆ ಅದನ್ನು ತಂದು ಅತ್ತೆಯ ಕೈಗೆ ಕೊಟ್ಟು, ನಿಯಮದಂತೆ ತುಟಿ ಪಿಟಕ್ಕೆನ್ನದೆ ನಿಂತಳು. ಅತ್ತೆ ತಾವೇ ತಡಕಾಡಿ ತಂಗಿಯ ಫೋಟೋ ಇರುವ ಚೌಕ ಎಲ್ಲಿದೆ ಎಂದು ಕಂಡುಕೊಂಡರು. ಅದನ್ನು ಒತ್ತಿದರೆ ತಂಗಿಗೆ ಫೋನ್ ಹೋಗುತ್ತಿತ್ತು. ಅಕ್ಕತಂಗಿಯರಿಗೆ ಬೆಳಗಿನ ಕೆಲಸ ಮುಗಿದ ಮೇಲೆ ಹರಟೆ ಹೊಡೆಯುವ ರೂಢಿ. ಸಂಜೆ ಅತ್ತೆ ಫೋನ್ ಮುಟ್ಟುತ್ತಿರಲಿಲ್ಲ, ಟೀವಿ ಮುಂದೆ ಕೂರುತ್ತಿದ್ದರು. ರಜೆಯ ದಿನ ತಂಗಿಯ ಮನೆ ತುಂಬ ಮೊಮ್ಮಕ್ಕಳು, ಅವತ್ತೂ ಫೋನ್ ಇಲ್ಲ.

ಮೊದಲ ಕೆಲವು ದಿನ ಎಲ್ಲ ಸರಾಗವಾಗಿತ್ತು. ಒಂದು ಸಂಜೆ ಸೊಸೆ ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿರುವಾಗಲೇ ಅತ್ತೆ ಹೇಳಿದರು, "ಯಾರೋ ನನ್ನ ಸಾಮಾನು ಜರುಗಿಸ್ತಿದ್ದಾರೆ ಕಣೇ."

ಯಾವ ಸಾಮಾನು ಎಂದು ಕೇಳಿದರೆ ಫೋನಿನಲ್ಲಿರುವ ಸಾಮಾನು ಎಂದರು. ತಂಗಿ ನಿನ್ನೆ ಮೇಲಿನ ಸಾಲಿನಲ್ಲಿದ್ದಳು, ಇವತ್ತು ಕೆಳಗಿಳಿದಿದ್ದಾಳೆ ಎಂದರು. ಸೊಸೆ ಫೋನ್ ತೆಗೆದು ನೋಡಿದಳು. ತಂಗಿ ಮೇಲಿನ ಸಾಲಿನಲ್ಲೇ ನಗುತ್ತ ಕೂತಿದ್ದರು. ಏನೋ ಕಣ್ತಪ್ಪು ಎಂದು ಅವಳು ಸುಮ್ಮನಾದಳು. ಎರಡು ದಿನ ಬಿಟ್ಟು ಅತ್ತೆ ಮತ್ತೆ ಅದೇ ಮಾತು ತೆಗೆದರು. ಸೊಸೆ ಮತ್ತೆ ನೋಡಿದಳು, ಮತ್ತೆ ಎಲ್ಲ ಇದ್ದಲ್ಲೇ ಇತ್ತು. ಅವಳದೂ ಅದೇ ಹೊಸ ಫೋನೇ. ಅದರಲ್ಲಿ ಒಂದು ಚೌಕವೂ ಮಿಸುಕಿರಲಿಲ್ಲ. ಮುಂದಿನ ವಾರ ಅತ್ತೆ ದನಿ ತಗ್ಗಿಸಿ ಹೇಳಿದರು:

"ತಂಗಿಗೆ ಫೋನ್ ಮಾಡಿದ್ರೆ ನನ್ನ ಮುಖಾನೇ ಬರುತ್ತೆ."

ಸೊಸೆಯ ಓದು, ಅನುಭವ ಎಲ್ಲ ಆ ಕ್ಷಣದಲ್ಲಿ ಕೈಕೊಟ್ಟವು. ಅವಳ ವಿಭಾಗದ ಒಬ್ಬಳ ತಂದೆಗೂ ಹೀಗೇ ಶುರುವಾಗಿತ್ತು. ಮೊದಲು ಯಾರೋ ಸಾಮಾನು ಜರುಗಿಸುತ್ತಾರೆ ಎಂದರಂತೆ, ಆಮೇಲೆ ಕನ್ನಡಿಯಲ್ಲಿ ಯಾರೋ ಇದ್ದಾರೆ ಎಂದರಂತೆ, ಕೊನೆಗೆ ಮಗಳ ಗುರುತೇ ಉಳಿಯಲಿಲ್ಲವಂತೆ. ಹಾಲಿನವನು ಯಾವ ದಿನ ಎಷ್ಟು ನೀರು ಬೆರೆಸಿದ್ದ ಎಂದು ಇವತ್ತಿಗೂ ಹೇಳಬಲ್ಲ ಅತ್ತೆಯ ತಲೆ ಹೀಗೆ ಕೈತಪ್ಪಿ ಹೋಗುವುದನ್ನು ನೆನೆದು ಅವಳಿಗೆ ಊಟ ಸೇರಲಿಲ್ಲ. ಗಂಡ ಬಂದಾಗ ಹೇಳಿಕೊಂಡಳು. ಅವನು, ವಯಸ್ಸಾಯಿತಲ್ಲ ಎಂದ. ಆ ಒಂದು ಮಾತು ಅವಳಿಗೆ ನಾಲ್ಕು ಏಟಿಗಿಂತ ಹೆಚ್ಚಾಯಿತು.

ಆಗಲೇ ಅವಳು ಅಷ್ಟು ವರ್ಷದಲ್ಲಿ ಮಾಡದ ತಪ್ಪು ಮಾಡಿದ್ದು. ಬೇರೆ ಯಾವ ಮನೆಯಲ್ಲಾದರೂ ಇದನ್ನು ತಪ್ಪು ಅನ್ನುತ್ತಿರಲಿಲ್ಲ, ಕಕ್ಕುಲಾತಿ ಅನ್ನುತ್ತಿದ್ದರು. ಅವಳು ಬಾಯಿಯ ಬೀಗ ತೆಗೆದು ಅತ್ತೆಗೆ ಕಲಿಸಲು ಕೂತಳು. ಸಂಜೆ ಹೊತ್ತು ಪಕ್ಕದಲ್ಲಿ ಕುಳಿತು, ನೋಡಿ ಅತ್ತೆ, ಇಲ್ಲಿ ಮೇಲಿದ್ದಾರಲ್ಲ ಚಿಕ್ಕಮ್ಮ, ಇವರನ್ನು ಒತ್ತಬೇಕು, ಎಲ್ಲಿ ನೀವೊಮ್ಮೆ ಒತ್ತಿ ಎಂದು ಮಗುವಿಗೆ ಹೇಳುವಂತೆ ಹೇಳುತ್ತಿದ್ದಳು. ಅತ್ತೆ ಒತ್ತುತ್ತಿದ್ದರು, ಸರಿಯಾಗಿಯೇ ಹೋಗುತ್ತಿತ್ತು. ನೋಡಿದಿರಾ, ಎಷ್ಟು ಚೆನ್ನಾಗಿ ಮಾಡಿದಿರಿ ಎನ್ನುತ್ತಿದ್ದಳು ಸೊಸೆ. ಅತ್ತೆ ಫೋನನ್ನು ಮೇಜಿನ ಮೇಲಿಟ್ಟು ಎದ್ದುಹೋಗುತ್ತಿದ್ದರು. ಬರಬರುತ್ತ ಅವರು ದೂರು ಹೇಳುವುದನ್ನೇ ಬಿಟ್ಟರು. ಒಲೆಯ ಹತ್ತಿರ ಹೋಗುವುದೂ ಕಡಿಮೆಯಾಯಿತು, ಒಬ್ಬರೇ ಬಸ್ಸು ಹತ್ತಿ ತಂಗಿಯ ಮನೆಗೆ ಹೋಗುವುದೂ ನಿಂತಿತು. ಸೊಸೆ ಬಯ್ಯುವುದನ್ನು ಎಂದೋ ಬಿಟ್ಟಿದ್ದಳು. ಮನೆಯಲ್ಲಿ ಎಷ್ಟು ಶಾಂತಿ ಇತ್ತೆಂದರೆ ಗಾರ್ಡಿಗೆ ನಿದ್ದೆ ಹತ್ತಲಿಲ್ಲ.

ಹೊಸ ಫೋನಿನ ಮೀಟಿಂಗ್ ಬಂತು. ಮೇಜಿನ ತುದಿಯ ಚಿಕ್ಕ ಯಜಮಾನಿ ಎಲ್ಲರ ಮಾತೂ ಕೇಳಿ ಕೊನೆಗೆ ಇವಳ ಕಡೆ ತಿರುಗಿದಳು. "ಅತ್ತೆ ಏನಂದ್ರು?"

"ಪಾಸ್," ಎಂದಳು ಸೊಸೆ.

ಅವಳ ಲೆಕ್ಕದಲ್ಲಿ ಅದು ಪೂರಾ ಸುಳ್ಳಾಗಿರಲಿಲ್ಲ. ಸಂಜೆ ಸಂಜೆ ತಾನೇ ನೋಡಿದ್ದಳಲ್ಲ, ಫೋನಿನಲ್ಲಿ ಏನೂ ಕೆಟ್ಟಿರಲಿಲ್ಲ. ಕೆಟ್ಟದ್ದು ಬೇರೆ. ಅದನ್ನು ಇಷ್ಟು ಜನರ ಮುಂದೆ ಹರಡಿ, ಕಂಪನಿ ತಲೆಯ ಮೇಲೆ ಹೊತ್ತ ಅತ್ತೆಯನ್ನು ಕರುಣೆಯ ವಸ್ತು ಮಾಡಲು ಅವಳಿಗೆ ಮನಸ್ಸು ಬರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ತಂತ್ರಾಂಶ ವಿಭಾಗದ ಮುಖ್ಯಸ್ಥ, ಎಲ್ಲವೂ ಮಿಂಚಿನಂತೆ ಆಗಬೇಕು ಎಂದು ಸದಾ ಬಡಬಡಿಸುತ್ತಿದ್ದರಿಂದ ಮಿಂಚು ಎಂದೇ ಹೆಸರಾದವನು, ಉಳಿದವರಿಗಿಂತ ಜೋರಾಗಿ ತಟ್ಟಿ ಇವಳ ಕಡೆ ನೋಡಿ ಮುಗುಳ್ನಕ್ಕ. ಏಕೆ ನಕ್ಕ ಎಂದು ಯೋಚಿಸುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಮಾರನೆಯ ದಿನಕ್ಕೆ ನರರೋಗದ ಡಾಕ್ಟರ ಹತ್ತಿರ ಹೊತ್ತು ಗೊತ್ತು ಮಾಡಿದ್ದಳು. ಅತ್ತೆಗೆ ಕಣ್ಣು ಪರೀಕ್ಷೆ ಎಂದು ಹೇಳಿದ್ದಳು.

ಆಸ್ಪತ್ರೆಯ ಬಾಗಿಲಲ್ಲಿ ಅತ್ತೆ ಬೋರ್ಡಿನ ಮುಂದೆ ನಿಂತು ಒಂದೊಂದೇ ಅಕ್ಷರ ಓದಿದರು. ನರ ಮತ್ತು ಮೆದುಳು ವಿಭಾಗ ಎಂದು ಮೊಳದುದ್ದದ ಅಕ್ಷರದಲ್ಲಿ ಬರೆದಿತ್ತು. ಇಷ್ಟು ದೂರದಿಂದ ಇದನ್ನು ಓದಿದೆನಲ್ಲ, ಕಣ್ಣು ಪರೀಕ್ಷೆ ಮುಗಿದ ಹಾಗಾಯಿತು, ಮನೆಗೆ ಹೋಗೋಣವೇ ಎಂದರು. ಸೊಸೆಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅತ್ತೆಯೇ ಮುಂದಾಗಿ ಒಳಗೆ ನಡೆದರು.

ಕಾಯುವ ಕೋಣೆಯಲ್ಲಿ ಸಾಲು ಸಾಲು ಪ್ಲಾಸ್ಟಿಕ್ ಕುರ್ಚಿ. ಎದುರು ಗೋಡೆಯಲ್ಲಿ ಮೆದುಳಿನ ಚಿತ್ರ, ಅದರ ಕೆಳಗೆ ಸದ್ದು ಮಾಡಬೇಡಿ ಎಂಬ ಸೂಚನೆ. ಇವರ ಸರದಿಗೆ ಮೊದಲು ಇನ್ನೂ ಬಹಳ ಜನವಿದ್ದರು. ಅತ್ತೆ ಸ್ವಲ್ಪ ಹೊತ್ತು ಮೆದುಳನ್ನು ನೋಡಿದರು, ಆಮೇಲೆ ಗಡಿಯಾರ ನೋಡಿದರು. ತಂಗಿ ಕಾಯುತ್ತಿರುತ್ತಾಳೆ, ಇವತ್ತು ಮಾತಾಡಲಾಗದು ಎಂದಾದರೂ ಹೇಳಿಬಿಡು ಎಂದು ತಮ್ಮ ಫೋನನ್ನು ಸೊಸೆಯ ಕೈಗೆ ಕೊಟ್ಟರು. ತಾವು ಮುಟ್ಟಲು ಅವರಿಗೆ ಮನಸ್ಸಿರಲಿಲ್ಲ.

ಸೊಸೆ ಕೆಲಸದ ದಿನ ಬೆಳಗಿನ ಹೊತ್ತಿನಲ್ಲಿ ಆ ಫೋನ್ ಕೈಗೆ ತೆಗೆದುಕೊಂಡದ್ದು ಅದೇ ಮೊದಲು. ದಿನವೂ ಆ ಹೊತ್ತಿಗೆ ಅವಳು ಕಂಪನಿಯಲ್ಲಿರುತ್ತಿದ್ದಳು. ಅಭ್ಯಾಸದಂತೆ ಮೇಲಿನ ಸಾಲಿನ ಮೂಲೆಯನ್ನು ಒತ್ತಿದಳು. ಪರದೆಯ ತುಂಬ ಅವಳದೇ ಮುಖ ಬಂತು.

ಒಂದು ಗಳಿಗೆ ಅವಳಿಗೆ ಏನೂ ತಿಳಿಯಲಿಲ್ಲ. ಕ್ಯಾಮೆರಾ ತೆರೆದುಕೊಂಡಿತ್ತು, ಮುಖದ ಕಡೆಯ ಕ್ಯಾಮೆರಾ. ಅದನ್ನು ಮುಚ್ಚಿ ಪರದೆ ನೋಡಿದಳು. ಚಿಕ್ಕಮ್ಮ ಇರಬೇಕಾದ ಜಾಗದಲ್ಲಿ ಕ್ಯಾಮೆರಾ ಕೂತಿತ್ತು. ಅದರ ಪಕ್ಕಕ್ಕೆ ಅತ್ತೆ ಎಂದೂ ಬಳಸದ ದಿಕ್ಸೂಚಿ ಬಂದಿತ್ತು. ಚಿಕ್ಕಮ್ಮ ಮೂರನೆಯ ಸಾಲಿನಲ್ಲಿ, ಹವಾಮಾನದ ಮೋಡದ ಪಕ್ಕದಲ್ಲಿ ನಗುತ್ತಿದ್ದರು.

"ಇದನ್ನ ಯಾರು ಜರುಗಿಸಿದ್ದು?" ಎಂದಳು.

ಅತ್ತೆ ಮೆಲ್ಲಗೆ ತಲೆ ತಿರುಗಿಸಿ ಅವಳ ಮುಖ ನೋಡಿದರು. ಆಮೇಲೆ ಫೋನ್ ನೋಡಿದರು. ಮತ್ತೆ ಅವಳ ಮುಖ ನೋಡಿದರು.

"ನಿನ್ನ ಹೆಸರೂ ಬರೆಸಲೇನು?" ಎಂದರು. "ಬಂದಿದ್ದೀವಿ, ಇಬ್ಬರಿಗೂ ಒಟ್ಟಿಗೇ ಆಗಿಹೋಗ್ಲಿ."

ಸೊಸೆಗೆ ಮೊದಲು ನಗು ಬಂತು. ಗೋಡೆಯ ಸೂಚನೆ ನೆನಪಾಗಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಆ ಕೈಯ ಹಿಂದೆ ನಗು ಅಳುವಾಗಿ, ಅಳು ಮತ್ತೆ ನಗುವಾಗಿ, ಎದುರಿಗಿದ್ದವರು ಪಾಪ ಯಾವ ಕಾಯಿಲೆಯೋ ಎಂಬಂತೆ ನೋಡತೊಡಗಿದರು. ಅತ್ತೆ ಕಂಡದ್ದೆಲ್ಲ ಕಂಡದ್ದೇ. ಸಾಮಾನು ಜರುಗಿತ್ತು, ಮುಖ ಬಂದಿತ್ತು. ಎದೆಯ ಮೇಲೆ ಕೂತಿದ್ದ ಬಂಡೆಯನ್ನು ಯಾರೋ ಎತ್ತಿ ಆಚೆ ಎಸೆದ ಹಾಗೆ ಅವಳಿಗೆ ಉಸಿರು ಸಲೀಸಾಯಿತು.

ಅವಳು ಹೊರಗಿನ ಮೆಟ್ಟಿಲಿಗೆ ಹೋಗಿ ಮಿಂಚುವಿಗೆ ಫೋನ್ ಮಾಡಿದಳು. ಅವನು ಸಂಭ್ರಮದಿಂದ, ಅಂತೂ ಗೊತ್ತಾಯಿತೇ ಎಂದ. ಅದು ಅವನ ಗುಟ್ಟಿನ ಕಾಣಿಕೆಯಂತೆ. ಯಾವ ಹೊತ್ತಿನಲ್ಲಿ ಏನು ಬಳಸುತ್ತಾರೆ ಎಂದು ಫೋನ್ ತಾನೇ ಕಲಿತು, ಆ ಹೊತ್ತಿಗೆ ಆ ಚೌಕವನ್ನು ಮುಂದೆ ತಂದಿಡುತ್ತದೆ. ಬಳಸದ ಹೊತ್ತಿನಲ್ಲಿ ಎಲ್ಲ ಮೊದಲಿನ ಹಾಗೇ ಇರುತ್ತದೆ. ಮೊದಲೇ ಹೇಳಿದರೆ ಪರೀಕ್ಷಾ ವಿಭಾಗದವರು ತಪ್ಪು ಹುಡುಕಲು ಕೂರುತ್ತಾರೆಂದು, ಹಿರಿಯರಿಗೆ ಕೊಟ್ಟ ಕೆಲವೇ ಫೋನುಗಳಲ್ಲಿ ಸದ್ದಿಲ್ಲದೆ ಹಾಕಿದ್ದನಂತೆ. ಅತ್ತೆಯೇ ಪಾಸ್ ಮಾಡಿದರಲ್ಲ, ಇನ್ನು ಎಲ್ಲ ಫೋನಿಗೂ ಹಾಕುವುದೇ ಎಂದ.

ಸೊಸೆ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಈಗ ಅವಳಿಗೆ ಎಲ್ಲ ಬಿಡಿಬಿಡಿಯಾಗಿ ಕಂಡಿತು. ಬೆಳಗ್ಗೆ ತಂಗಿಯನ್ನು ಹುಡುಕುವಾಗ ಅತ್ತೆಯ ಬೆರಳು ಜಾರಿ ಅಕ್ಕಪಕ್ಕದ ಚೌಕಗಳಿಗೂ ತಗಲಿದೆ. ಫೋನ್ ಉಪಕಾರ ಮಾಡಲು ಹೋಗಿ ಅವನ್ನು ಮುಂದೆ ತಂದು ತಂಗಿಯನ್ನು ಬೇರೆ ಕಡೆ ಕೂರಿಸಿದೆ. ಅತ್ತೆಯ ಬೆರಳು ಹಳೆಯ ಜಾಗಕ್ಕೇ ಹೋಗಿ ಕ್ಯಾಮೆರಾ ಒತ್ತಿದೆ. ಓಹೋ, ಇವರಿಗೆ ಬೆಳಗ್ಗೆ ಕ್ಯಾಮೆರಾ ಬೇಕು ಎಂದು ಫೋನ್ ಮಾರನೆಯ ದಿನ ಕ್ಯಾಮೆರಾವನ್ನೇ ಎತ್ತಿ ಕೂರಿಸಿದೆ. ಅವರು ತಡವರಿಸಿ ಒತ್ತಿದ ತಪ್ಪುಗಳನ್ನೆಲ್ಲ ಇಷ್ಟ ಎಂದು ತಿಳಿದುಕೊಂಡು ತಂಗಿಯನ್ನು ದಿನಕ್ಕೊಂದು ಮೂಲೆಗೆ ತಳ್ಳಿದೆ. ಇವಳು ಸಂಜೆ ಬರುವ ಹೊತ್ತಿಗೆ ಮಳ್ಳಿಯ ಹಾಗೆ ಎಲ್ಲವನ್ನೂ ಮೊದಲಿನಂತೆ ಜೋಡಿಸಿಟ್ಟಿದೆ. ಟೇಪು, ಫೋನು, ಹಾಡುಪೆಟ್ಟಿಗೆ ಎಂದು ಅಷ್ಟು ಸಾಮಾನು ಎಡವಿಸಿದಾಗಲೂ ಅತ್ತೆಯ ಮಾತೇ ಸರಿ ಎಂದ ಇವಳು, ಇದೊಂದು ಸಲ ಗಾಜಿನ ತುಂಡನ್ನು ನಂಬಿ ಅತ್ತೆಯನ್ನು ನಂಬದೆ ಹೋದಳು. ಸಿಟ್ಟು ಮಿಂಚುವಿನ ಮೇಲೂ ಬಂತು, ತನ್ನ ಮೇಲೆ ಅದರ ಎರಡರಷ್ಟು ಬಂತು.

ಅಲ್ಲಿಂದಲೇ ಚಿಕ್ಕ ಯಜಮಾನಿಗೂ ಫೋನ್ ಮಾಡಿ, ನಿನ್ನೆ ನಾನು ಹೇಳಿದ್ದು ಸುಳ್ಳು, ಅತ್ತೆ ಪಾಸ್ ಮಾಡಿರಲಿಲ್ಲ ಎಂದಳು. ಏಕೆ ಸುಳ್ಳು ಹೇಳಿದೆ ಎಂಬುದನ್ನೂ ಮುಚ್ಚಿಡಲಿಲ್ಲ. ಕೆಲಸ ಹೋಯಿತು ಎಂದೇ ಸೊಸೆ ಅಂದುಕೊಂಡಳು; ಆದರೆ ಅಂದಿನ ಅವಳ ಮನಸ್ಸಿಗೆ ಅದು ದೊಡ್ಡ ನಷ್ಟ ಎಂದೇನೂ ತೋರಲಿಲ್ಲ. ಚಿಕ್ಕ ಯಜಮಾನಿ, ಅತ್ತೆಯ ಆರೋಗ್ಯ ಈಗ ಹೇಗಿದೆ ಎಂದಷ್ಟೇ ಕೇಳಿದಳು. ಚೆನ್ನಾಗಿದ್ದಾರೆ, ನನಗಿಂತ ಚೆನ್ನಾಗಿದ್ದಾರೆ ಎಂದಳು ಸೊಸೆ. ಹಾಗಿದ್ದರೆ ಇವತ್ತು ಅವರ ಜೊತೆಗೇ ಇರು, ಆ ಜರುಗಾಟವನ್ನು ಕಿತ್ತುಹಾಕುವವರೆಗೆ ಒಂದು ಫೋನೂ ಆಚೆ ಹೋಗುವುದಿಲ್ಲ, ನಿನ್ನನ್ನು ಬಯ್ಯುವುದು ನಾಳೆ ಬಯ್ಯುತ್ತೇನೆ ಎಂದಳು ಯಜಮಾನಿ.

ಸೊಸೆ ಒಳಗೆ ಬಂದು, ಇನ್ನು ಡಾಕ್ಟರು ಬೇಡ, ಮನೆಗೆ ಹೋಗೋಣ ಎಂದಳು. ಅತ್ತೆ ಕುರ್ಚಿ ಬಿಡಲಿಲ್ಲ. ಇಷ್ಟು ಹೊತ್ತು ಕಾದಿದ್ದೇವೆ, ಅವರ ಬಾಯಿಂದಲೇ ಕೇಳಬೇಕು ಎಂದು ಹಟ ಹಿಡಿದರು.

ಡಾಕ್ಟರು ಇವತ್ತು ಯಾವ ವಾರ ಎಂದು ಕೇಳಿದರು, ಗಡಿಯಾರದ ಚಿತ್ರ ಬರೆಸಿದರು. ಬೀಗ, ನಾಯಿ, ಕಿಟಕಿ ಎಂದು ಮೂರು ಪದ ಹೇಳಿ, ಆಮೇಲೆ ಕೇಳುತ್ತೇನೆ, ನೆನಪಿಟ್ಟುಕೊಳ್ಳಿ ಎಂದರು. ಕೈಕಾಲು ತಟ್ಟಿ, ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಈ ಗಲಾಟೆಯಲ್ಲಿ ಮೂರು ಪದದ ವಿಷಯ ಡಾಕ್ಟರಿಗೇ ಮರೆತುಹೋಯಿತು. ಅವರು ಕೈ ತೊಳೆಯಲು ಎದ್ದಾಗ ಅತ್ತೆಯೇ, ಬೀಗ ನಾಯಿ ಕಿಟಕಿ, ಕೇಳುತ್ತೀನಿ ಅಂದು ಕೇಳಲೇ ಇಲ್ಲವಲ್ಲ ಎಂದು ಒಪ್ಪಿಸಿ, ನಿಮ್ಮ ಕ್ಯಾಲೆಂಡರಿನಲ್ಲಿ ಇನ್ನೂ ಹೋದ ತಿಂಗಳೇ ಇದೆ, ಬಂದವರೆಲ್ಲ ಅದನ್ನೇ ನೋಡಿ ತಪ್ಪು ಹೇಳುತ್ತಾರೆ ಎಂದರು. ಡಾಕ್ಟರು ನಗುತ್ತ ಹಾಳೆ ಮಗುಚಿದರು. ತಲೆ ಗಟ್ಟಿಯಾಗಿದೆ, ಈ ವಯಸ್ಸಿಗೆ ಇಷ್ಟು ಗಟ್ಟಿಯಾಗಿರುವುದು ಅಪರೂಪ, ಇಲ್ಲಿಗೆ ಮತ್ತೆ ಬರುವ ಅಗತ್ಯವಿಲ್ಲ ಎಂದರು.

ಹೊರಗೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಾಗ ಸೊಸೆ ನಡೆದದ್ದನ್ನೆಲ್ಲ ಬಿಚ್ಚಿ ಹೇಳಿದಳು. ಮಿಂಚುವಿನ ಗುಟ್ಟು, ತಾನು ಮೀಟಿಂಗಿನಲ್ಲಿ ಹೇಳಿದ ಸುಳ್ಳು, ಯಾವುದನ್ನೂ ಬಿಡಲಿಲ್ಲ. ತಪ್ಪಾಯಿತು ಅತ್ತೆ ಎಂದಳು. ಅತ್ತೆ ಕೈಚೀಲವನ್ನು ಮಡಿಲಲ್ಲಿ ಹಿಡಿದುಕೊಂಡು ರಸ್ತೆ ನೋಡುತ್ತಿದ್ದರು.

"ಫೋನ್ ಏನಾದರೂ ಮಾಡ್ಕೊಳ್ಳಲಿ, ನಾನು ಹೆದರ್ತಿರಲಿಲ್ಲ," ಎಂದರು ಕೊನೆಗೆ. "ನೀನು ಮೆತ್ತಗೆ ಮಾತಾಡೋಕೆ ಶುರು ಮಾಡಿದೆ ನೋಡು, ಅವತ್ತೇ ನನ್ನ ಜಂಘಾಬಲ ಉಡುಗಿಹೋಯ್ತು. ಇವಳೇ ಇಷ್ಟು ಮೆತ್ತಗಾಗಿದ್ದಾಳೆ ಅಂದ್ಮೇಲೆ ನನಗೇನೋ ಆಗಿದೆ ಅಂದ್ಕೊಂಡೆ. ಒಲೆ ಹಚ್ಚಿ ಮರೆತುಬಿಟ್ರೆ ಅಂತ ಒಲೆ ಹತ್ರ ಹೋಗಲಿಲ್ಲ. ದಾರಿ ತಪ್ಪಿದ್ರೆ ಅಂತ ಬಸ್ ಹತ್ತಲಿಲ್ಲ."

ಅತ್ತೆ ಸೊಸೆಯ ಕಡೆ ನೋಡದೆಯೇ ಮುಂದುವರಿಸಿದರು. ತಂಗಿಯೇ ಫೋನ್ ಮಾಡಿದಾಗ ಅವಳಿಗೆ ಎಲ್ಲ ಹೇಳಿ ಇಟ್ಟಿದ್ದೇನೆ ಎಂದರು. ತಲೆ ಪೂರಾ ಕೆಡುವ ಮೊದಲೇ ಅವಳ ಮನೆಗೆ ಹೋಗಿ ಇದ್ದುಬಿಡುವುದು, ಅವಳು ಹಿಂದಿನ ಕೋಣೆ ತೆರವು ಮಾಡಿಸಿ ಮಂಚ ಹಾಕಿಸಿದ್ದಾಳೆ. ಮಗನಿಗೆ ರೈಲು ಬಿಟ್ಟು ಬರಲಾಗುವುದಿಲ್ಲ, ನೀನು ಇಷ್ಟು ಓದಿ ಇಷ್ಟು ಮೇಲೆ ಬಂದವಳು, ನನ್ನ ಕಾಯಲು ಕೆಲಸ ಬಿಟ್ಟು ಮನೆಯಲ್ಲಿ ಕೂರುವ ಹಾಗಾಗಬಾರದು. ಬರುವ ವಾರ ಹೋಗೋಣ ಎಂದಿದ್ದೆ, ಬಟ್ಟೆ ಕೂಡ ಕಟ್ಟಿಟ್ಟಿದ್ದೇನೆ ಎಂದರು.

ಸೊಸೆ ಧಡಕ್ಕನೆ ಎದ್ದು ನಿಂತಳು.

"ಯಾರನ್ನ ಕೇಳಿ ಕಟ್ಟಿದ್ರಿ?" ಅವಳ ದನಿಗೆ ನಿಲ್ದಾಣದಲ್ಲಿದ್ದವರೆಲ್ಲ ತಿರುಗಿದರು. "ನಾನೊಬ್ಬಳು ಮನೇಲಿ ಇದ್ದೀನಿ ಅನ್ನೋದು ನೆನಪಿಲ್ವಾ? ಚಿಕ್ಕಮ್ಮನ ಹತ್ರ ಹೇಳ್ತೀರಿ, ನನ್ನ ಹತ್ರ ಒಂದು ಮಾತು ಹೇಳೋಕಾಗಲ್ವಾ? ನಿಮಗೆ ತಲೆ ಕೆಟ್ರೆ ನಾನು ನೋಡ್ಕೊಳ್ಳಲ್ವಾ? ನನ್ನ ಕೆಲಸದ ಚಿಂತೆ ನಿಮಗ್ಯಾಕೆ? ಇವತ್ತೇ ಆ ಬಟ್ಟೆ ಗಂಟು ಬಿಚ್ಚಬೇಕು, ನನ್ನ ಕಣ್ಣೆದುರಿಗೇ ಬಿಚ್ಚಬೇಕು!"

ಬಯ್ಯುತ್ತ ಬಯ್ಯುತ್ತ ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅತ್ತೆ ತಲೆಯೆತ್ತಿ, ಬೆಳಗ್ಗಿನಿಂದ ಮೊದಲ ಸಲ ಮುಖವರಳಿಸಿ ಅವಳನ್ನೇ ನೋಡುತ್ತ ಕೂತರು. ಅವಳು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಕೈ ಚಾಚಿದರು.

"ಆ ಹುಚ್ಚು ಫೋನ್ ಬೇಡ. ನಿಂದು ಕೊಡು, ಚಿಕ್ಕಮ್ಮಂಗೆ ಹಚ್ಚಿ ಕೊಡು."

ಸೊಸೆ ಮೂಗೆಳೆಯುತ್ತ ಹಚ್ಚಿಕೊಟ್ಟಳು. ತಂಗಿಗೆ ಕಿವಿ ಸ್ವಲ್ಪ ಮಂದ. ಅತ್ತೆ ರಸ್ತೆಯ ಆ ಬದಿಗೂ ಕೇಳುವಂತೆ ಹೇಳಿದರು, "ನಾನು ಬರಲ್ಲ ಕಣೇ, ಮಂಚ ಎತ್ತಿಸಿಬಿಡು. ತಲೆಗೇನೂ ಆಗಿಲ್ಲವಂತೆ." ಆ ಕಡೆಯಿಂದ ಏನೋ ಪ್ರಶ್ನೆ ಬಂತು. "ಹೂಂ, ಅವಳೇ. ಇಲ್ಲೇ ಬಸ್ ಸ್ಟಾಪಲ್ಲಿ ನಿಲ್ಲಿಸ್ಕೊಂಡು ಬೈತಿದ್ದಾಳೆ. ಇವಳನ್ನ ಬಿಟ್ಟು ಎಲ್ಲಿಗೆ ಬರಲಿ ನಾನು?"

ಸೊಸೆ ಆ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಬಸ್ಸು ಬಂದು ನಿಂತಿತು. ಅತ್ತೆ ಯಾರ ಕೈಯನ್ನೂ ಹಿಡಿಯದೆ ಮೊದಲು ಹತ್ತಿ, ಕಿಟಕಿ ಪಕ್ಕದ ಸೀಟು ಹಿಡಿದರು.